ಕೂಸನ್ನು ಹೊರಗೆ ಒಯ್ಯುವವರು

ದೊಡ್ಡ ಡಾಕ್ಟ್ರಮ್ಮ ಆ ದಿನ ಆಡಿದ ಮಾತು ಇಂಥದ್ದೇ ಎಂದು ಆಣೆ ಮಾಡಿ ಹೇಳಲಾರೆ. ನೆನಪನ್ನು ನಾನು ನಂಬುವುದಿಲ್ಲ. ಹೊಟ್ಟೆಕಿಚ್ಚು ಬೆರೆತ ನೆನಪನ್ನಂತೂ ಇನ್ನೂ ಕಡಿಮೆ. ಗ್ಲೌಸು ಕಳಚಿದ ಮೇಲೂ ಅವರ ಬೆರಳ ಸಂದುಗಳಲ್ಲಿ ಉಳಿಯುತ್ತಿದ್ದ ಬಿಳಿ ಪುಡಿ ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಅದೇ ಕೈಯಲ್ಲಿ ನರ್ಸುಗಳ ಬೆನ್ನು ತಟ್ಟುವರು. ನೀಲಿ ಸಮವಸ್ತ್ರದ ಮೇಲೆ ಐದು ಬೆರಳೂ ಮೂಡುತ್ತಿದ್ದವು. ನನ್ನ ಬೆನ್ನಿನ ಮೇಲೆ ಮೂಡಿದ ನೆನಪಿಲ್ಲ.

ಕೆ.ಆರ್. ಪೇಟೆಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಗೆ ಅವರು ಮುಖ್ಯಸ್ಥೆ. ನಾನು ಮೈಸೂರಿನಲ್ಲಿ ಓದಿ, ಚಿನ್ನದ ಪದಕ ಪಡೆದು ಬಂದ ಕಿರಿಯ ವೈದ್ಯ. ಅಲ್ಲೊಂದು ರೂಢಿಯಿತ್ತು. ಹೆರಿಗೆ ಸುಸೂತ್ರವಾದರೆ ಕೂಸನ್ನು ಹೊರಗೆ ಒಯ್ದು ಮನೆಯವರಿಗೆ ತೋರಿಸುವವಳು ಹೆರಿಗೆ ಮಾಡಿಸಿದ ನರ್ಸು. ಮನೆಯವರು ಬಾಯಿಗೆ ಹಾಕುವ ಸಕ್ಕರೆ, ಹರಸುವ ಮಾತು ಎಲ್ಲ ಅವಳಿಗೇ. ಕೆಟ್ಟ ಸುದ್ದಿಯಾದರೆ ಮಾತ್ರ ಡಾಕ್ಟ್ರಮ್ಮ ತಾವೇ ಹೋಗುತ್ತಿದ್ದರು.

ಒಮ್ಮೆ ಕೂಸಿಗಾಗಿ ನಾನು ಕೈ ಚಾಚಿದೆ.

"ಬುಡಪ್ಪ, ಅವ್ಳು ಎತ್ಕಂಡೋಗ್ಲಿ. ಚಿನ್ನದ ಪದಕ ತಗಂಡೋರ್ಗೆ ಸಕ್ರೆ ಬ್ಯಾರೆ ಬೇಕಾ?" ಎಂದರು. ನರ್ಸುಗಳು ನಕ್ಕರು. ನಾನೂ ನಕ್ಕೆ; ಒಳಗೆ ಉರಿಯುತ್ತಿತ್ತು.

ಮೊದಲು ಹೇಳಿದ ಆ ದಿನ ಡಾಕ್ಟ್ರಮ್ಮ, ನಾನು ಇಬ್ಬರೂ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿದ್ದೆವು. ಹೊರಗೆ ನೋವು ತಿನ್ನುತ್ತಿದ್ದ ಇಬ್ಬರು ಹೆಂಗಸರಿಗೆ ಒಬ್ಬಳೇ ನರ್ಸು, ಕೆಲಸಕ್ಕೆ ಹೊಸಬಳು. ಒಬ್ಬಾಕೆಯ ಹೆರಿಗೆಯಲ್ಲಿ ತೊಡಗಿದ್ದವಳಿಗೆ, ಬೂಕನಕೆರೆಯ ಇನ್ನೊಬ್ಬಾಕೆಯ ಮಗುವಿನ ಎದೆಬಡಿತ ಕೇಳಿ ನೋಡುವುದು ತಡವಾಯಿತು. ಆ ಮಗು ಉಳಿಯಲಿಲ್ಲ.

ತಂದೆ ಬಾಗಿಲು ಗುದ್ದುತ್ತಿದ್ದ. "ಯಾವಳವ್ಳು? ಈಚೆಗೆ ಕಳ್ಸಿ! ಇವತ್ತೇ ಕೆಲ್ಸ ಬುಡ್ಸಿ ಮನೆಗೆ ಅಟ್ಟಿ!"

ನರ್ಸು ಗೋಡೆಗೆ ಒರಗಿ ನಿಂತಿದ್ದಳು. ಡಾಕ್ಟ್ರಮ್ಮ ಹೋಗಿ ಅವನೆದುರು ನಿಂತರು.

"ತಡ ಆಗಿದ್ದು ದಿಟ ಕಣಪ್ಪ. ಒಬ್ಳ ಮ್ಯಾಲೆ ಎಲ್ಡು ಹೆರ್ಗೆ ಬುಟ್ಟೋಳು ನಾನು. ಬಯ್ಯೋದಾದ್ರೆ ನನ್ನ ಬಯ್ಯಿ. ದೂರು ಕೊಡೋದಾದ್ರೆ ನನ್ನ ಮ್ಯಾಲೆ ಕೊಡು."

ಹೀಗೆಂದೇ ನನ್ನ ನೆನಪು. ಅವನು ಬಯ್ದ, ಕಿವಿ ಮುಚ್ಚಿಕೊಳ್ಳುವಂತೆ ಬಯ್ದ. ಅವರು ಕದಲಲಿಲ್ಲ. ನರ್ಸಿನ ಕೆಲಸ ಉಳಿಯಿತು. ಅಂಥ ಹೊತ್ತಿನಲ್ಲೂ ನನ್ನೊಳಗೆ ಎದ್ದದ್ದು ಅಸೂಯೆ: ನನಗಾಗಿ ಯಾರಾದರೂ ಹೀಗೆ ಬಾಗಿಲಲ್ಲಿ ನಿಂತಾರೆಯೇ?

ಸ್ವಲ್ಪ ದಿನದಲ್ಲೇ ಆ ಕೆಲಸ ಬಿಟ್ಟು ನಾಗಮಂಗಲಕ್ಕೆ ಬಂದೆ. ಅಲ್ಲಿ ಒಂದು ಸುದ್ದಿ ಕಿವಿಗೆ ಬಿತ್ತು: ಡಾಕ್ಟ್ರಮ್ಮ ಆ ನರ್ಸನ್ನು ಕಾರಿನಲ್ಲಿ ಕೂರಿಸಿಕೊಂಡು ಬೂಕನಕೆರೆಗೆ ಹೋಗಿದ್ದರಂತೆ. ಮಗು ಕಳೆದುಕೊಂಡ ತಾಯಿಯ ಪಕ್ಕ ಕೂತು ನರ್ಸು ನಡೆದದ್ದನ್ನೆಲ್ಲ ಹೇಳಿದಳಂತೆ. 'ಅಂತೆ' ಎಂದರೆ ನನಗಾಗದು. ಒಳ್ಳೆಯವರ ಸುತ್ತ ಜನ ಹೆಣೆಯುವ ಕತೆ ಎಂದುಕೊಂಡೆ.

ಹೋದ ವರ್ಷ ಡಾಕ್ಟ್ರಮ್ಮ ತೀರಿಕೊಂಡರು. ಪಾಂಡವಪುರದ ಅವರ ಮನೆ ಮುಂದೆ ನರ್ಸುಗಳು ಹೆತ್ತವಳನ್ನು ಕಳೆದುಕೊಂಡಂತೆ ಅಳುತ್ತಿದ್ದರು. ಈಗ ನಾನೂ ಒಂದು ಆಸ್ಪತ್ರೆಗೆ ಮುಖ್ಯಸ್ಥ. ನನ್ನನ್ನು ಕಂಡರೆ ನರ್ಸುಗಳು ಎದ್ದು ನಿಲ್ಲುತ್ತಾರೆ. ತಪ್ಪಾದಾಗ ಬಂದು ಹೇಳುವುದಿಲ್ಲ.

ತಡೆಯಲಾರದೆ ಬೂಕನಕೆರೆಗೆ ಹೋಗಿ ಆ ತಾಯಿಯನ್ನೇ ಕೇಳಿದೆ. ಅಂಗಳದಲ್ಲಿ ಆಡುತ್ತಿದ್ದ ಮಗಳತ್ತ ನೋಡಿ ಅವಳೆಂದಳು:

"ಬಂದಿದ್ರು ಸಾ. ಇಬ್ರೂ ಬಂದಿದ್ರು. ಅದ್ಕೇ ಇವ್ಳು ಒಟ್ಟೇಲಿದ್ದಾಗ್ಲೂ ಅದೇ ಆಸ್ಪತ್ರೆಗೇ ನಡ್ದೆ. ಆ ಸಿಸ್ಟ್ರೇ ಬೇಕು ಅಂತ ಅಟ ಇಡ್ದೆ."

ಅಷ್ಟಾದರೂ ಸಾಲದೆ ಆ ನರ್ಸನ್ನೂ ಹುಡುಕಿ ಕೇಳಿದೆ. ಆ ಹುಡುಗಿ ಹುಟ್ಟಿದಾಗ ಹೆರಿಗೆ ಮಾಡಿಸಿ, ಕೂಸನ್ನು ಹೊರಗೆ ಒಯ್ದು ಅದೇ ತಂದೆಗೆ ತೋರಿಸಿದ್ದು ಅವಳೇ. ಇದೊಂದು ಖಚಿತ.