ನಾನು ಕತ್ತರಿಸಿ ಹಾಕಿದ ಊಟದ ಪಂಕ್ತಿ

ಕುಂದಗೋಳದಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೋ ಇದೆ. ಪಾಸ್‌ಪೋರ್ಟ್ ಸೈಜಿನ ಫೋಟೋದಿಂದ ಹಿಡಿದು ಮದುವೆಯ ವಿಡಿಯೋವರೆಗೆ ಎಲ್ಲವನ್ನೂ ಮಾಡುತ್ತೇನೆ. ಬಹಳ ವರ್ಷ ಈ ಕೆಲಸ ನೆಟ್ಟಗೇ ನಡೆದಿತ್ತು. ಹುಬ್ಬಳ್ಳಿಯಲ್ಲಿ ಹತ್ತು ದಿನದ ಸಿನಿಮಾ ಶಿಬಿರಕ್ಕೆ ಹೋಗಿಬಂದೆ ನೋಡಿ, ತಲೆ ತಿರುಗಿತು. ನೋಡುವವರಿಗೆ ಬೇಸರ ತರುವುದನ್ನೆಲ್ಲ ದಯೆಯಿಲ್ಲದೆ ಕತ್ತರಿಸಬೇಕು ಎಂದು ಅಲ್ಲಿ ಕಲಿಸಿದ್ದರು. ಕತ್ತರಿ ಹಿಡಿದುಕೊಂಡೇ ಊರಿಗೆ ಬಂದೆ.

ಮೊದಲು ನನ್ನ ಕೈಗೆ ಸಿಕ್ಕದ್ದು ಕುಬಿಹಾಳದ ಒಂದು ಮದುವೆ. ಆರು ತಾಸಿನ ವಿಡಿಯೋವನ್ನು ಇಪ್ಪತ್ತೆರಡು ನಿಮಿಷಕ್ಕೆ ಇಳಿಸಿದೆ. ಊಟದ ಪಂಕ್ತಿಯನ್ನಂತೂ ಮೊಟ್ಟಮೊದಲಿಗೇ ಕಿತ್ತು ಹಾಕಿದೆ. ಜನ ಬಾಯಿ ತೆರೆದು ತುತ್ತಿಡುವುದರಲ್ಲಿ ಏನು ಕಲೆ ಇದೆ ಎಂಬುದು ಆಗ ನನ್ನ ಪ್ರಶ್ನೆಯಾಗಿತ್ತು. ಕೆಲಸ ಮುಗಿದ ಮೇಲೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಪೆನ್‌ಡ್ರೈವ್ ಕೊಟ್ಟು ಬರುವುದರ ಬದಲು, ಎಲ್ಲರ ಜೊತೆ ಕೂತು ನೋಡಿ ಹೊಗಳಿಸಿಕೊಂಡೇ ಬರೋಣ ಎಂದು ಒಂದು ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆ.

ಪಡಸಾಲೆ ತುಂಬ ಜನ. ಓಣಿಯವರೆಲ್ಲ ಬಂದಿದ್ದರು. ಮಾಲೆಯ ಮೇಲಿನ ನೀರಹನಿಯಿಂದ ಶುರುವಾಯಿತು ನನ್ನ ಸಿನಿಮಾ. ಹನಿ ಜಾರಿ ಬೀಳುವುದನ್ನು ನಿಧಾನಗತಿಯಲ್ಲಿ ತೋರಿಸಿದ್ದೆ. ಮದುಮಗನ ಕಾಕಾ ಎದ್ದು ಹೋಗಿ ಟಿವಿಯ ಬೆನ್ನಿಗೆ ಎರಡು ಸಲ ಬಡಿದರು.

"ಸಿಕ್ಕೊಂಡತಿ ನೋಡ್ರಿ ಇದು, ಮುಂದ ಓಡವಲ್ದು."

"ಸಿಕ್ಕೊಂಡಿಲ್ರಿ ಕಾಕಾ, ಅದನ್ನ ಹಂಗ ಮಾಡೇನ್ರಿ," ಎಂದೆ.

"ಬೇಕಂತ ಮಾಡಿರೇನ್ರಿ?" ಎಂದು ನನ್ನನ್ನೇ ಕನಿಕರದಿಂದ ನೋಡಿದರು.

ಹತ್ತು ನಿಮಿಷದಲ್ಲಿ ಹಿಂದಿನ ಸಾಲಿನ ಹೆಂಗಸರು ಬೇರೆ ಮಾತಿಗೆ ಇಳಿದರು. ಒಬ್ಬಾಕೆ ಕೇಳಿಯೇಬಿಟ್ಟಳು: "ನಮ್ಮ ಓಣ್ಯಾಗಿನ ಮಂದಿ ಒಬ್ರೂ ಕಾಣವಲ್ರಲ್ಲರಿ. ಇದು ನಮ್ಮ ಮದವೀನ ಹೌದೇನ್ರಿ?" ಎಲ್ಲರೂ ಗೊಳ್ಳೆಂದು ನಕ್ಕರು. ನನಗೆ ಸಿಟ್ಟು ಬಂತು. ಕಲೆ ಗೊತ್ತಿಲ್ಲದ ಜನ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ನಗದೆ ಕೂತವರು ಒಬ್ಬರೇ, ಮದುಮಗನ ಅಜ್ಜಿ. ಟಿವಿಗೆ ಮಾರು ದೂರದಲ್ಲಿ ಕುರ್ಚಿ ಹಾಕಿಸಿಕೊಂಡು ಒಂದೊಂದು ಮುಖವನ್ನೂ ಹುಡುಕುತ್ತಿದ್ದರು. ಸಿನಿಮಾ ಮುಗಿದಾಗ ನನ್ನ ಕಡೆ ತಿರುಗಿದರು.

"ತಮ್ಮಾ, ಊಟದ ಪಂಗ್ತಿ ಎಲ್ಲಿ?"

"ಅದನ್ನ ತಗದೇನ್ರಿ ಆಯಿ."

"ತಗದಿ? ನಾ ಕುಂತಿದ್ದ ಅದನ್ನ ನೋಡಾಕೋ!"

ಸಂಗತಿ ಹೀಗಿತ್ತು. ಅಜ್ಜಿಯ ಅಕ್ಕ ಇರುವುದು ಮೊರಬದಲ್ಲಿ. ಎರಡು ವರ್ಷದ ಹಿಂದೆ ಅಲ್ಲಿನ ಒಂದು ಮದುವೆಯಲ್ಲಿ ಅಕ್ಕ ಉಡುಗೊರೆಯೆಂದು ಆಯೇರಿ ಮಾಡಿದ ಸೀರೆ, ಉಳಿದವರಿಗೆ ಕೊಟ್ಟದ್ದಕ್ಕಿಂತ ಹಗುರದ್ದು ಎಂದು ಅಜ್ಜಿಗೆ ಅನಿಸಿತ್ತು. ಸೀರೆಯನ್ನು ಅಲ್ಲೇ ಬಿಟ್ಟು ಬಂದಿದ್ದರು. ಅಂದಿನಿಂದ ಅಕ್ಕತಂಗಿಯರಿಗೆ ಮಾತಿಲ್ಲ. ಮೊಮ್ಮಗನ ಮದುವೆಗೆ ಕಾರ್ಡೇನೋ ಕಳಿಸಿದ್ದರು. ಮೊಣಕಾಲು ನೋವೆಂದು ಅಜ್ಜಿ ದಿನವಿಡೀ ಹಂದರದ ಮುಂದಿನ ಕುರ್ಚಿಯಲ್ಲೇ ಇದ್ದರು, ಅಕ್ಕ ಕಣ್ಣಿಗೆ ಬೀಳಲಿಲ್ಲ. ಊಟಕ್ಕೆ ಕೂತದ್ದನ್ನು ಕಂಡೆ ಎಂದು ಒಬ್ಬರು, ಬಂದೇ ಇಲ್ಲ ಎಂದು ಇನ್ನೊಬ್ಬರು.

"ಆಕಿ ಬಂದಿದ್ರ ನಾನ ಮೊದಲ ಮಾತಾಡಸ್ತೇನಿ. ಬಂದಿಲ್ಲಂದ್ರ ಸಾಯೂತನಕ ಆಕಿ ಮಾರಿ ನೋಡಂಗಿಲ್ಲ. ಎರಡರಾಗ ಒಂದು ಆಗಲಿ," ಎಂದರು ಅಜ್ಜಿ. ಹೇಳುವಾಗ ದನಿ ಗಟ್ಟಿಯಾಗಿಯೇ ಇತ್ತು, ಸೆರಗಿನ ತುದಿಯನ್ನು ಮಾತ್ರ ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. ನನ್ನ ಸಿಟ್ಟು ಅಲ್ಲಿಗೇ ಇಳಿಯಿತು.

ಪುಣ್ಯಕ್ಕೆ ಪೂರ್ತಿ ವಿಡಿಯೋ ಹಾರ್ಡ್ ಡಿಸ್ಕ್‌ನಲ್ಲಿ ಉಳಿದಿತ್ತು. ಮುಂದಿನ ಭಾನುವಾರ ಅದನ್ನೇ ಒಯ್ದೆ. ಒಂದು ತಾಸು ಹತ್ತು ನಿಮಿಷದ ಊಟ, ಒಂದೇ ಒಂದು ಕಡೆ ಕತ್ತರಿ ಇಲ್ಲ. ಹಿಂದೆ ಸಂಗೀತವೂ ಇಲ್ಲ, ಬಕೆಟ್ಟಿನ ಸಪ್ಪಳ ಮತ್ತು "ಅನ್ನ, ಅನ್ನ" ಎಂಬ ಕೂಗು ಅಷ್ಟೇ.

ಹೇಳಿದರೆ ನಂಬುವುದಿಲ್ಲ, ಒಬ್ಬರೂ ಎದ್ದು ಹೋಗಲಿಲ್ಲ. ತಂದಿಟ್ಟ ಚಹಾ ಆರಿ ತಣ್ಣಗಾಯಿತು. "ಅಗೋ ನಮ್ಮ ಬೀಗರು!" "ಇವ ಎರಡ ಪಂಗ್ತ್ಯಾಗೂ ಕುಂತಾನ ನೋಡ್ಲೇ!" "ಅಯ್ಯ, ನನ್ನ ಸೆರಗು ಸಾರಿನ್ಯಾಗ ಬಿದ್ದತಿ, ಯಾರೂ ಹೇಳಿಲ್ಲಲ್ಲವಾ!" ಕಾಕಾ ತಾವು ಐದನೆಯ ಬದನೇಕಾಯಿ ಹಾಕಿಸಿಕೊಳ್ಳುವುದನ್ನು ನೋಡಿ ನಾಚಿಕೊಂಡರು. ಹದಿನೈದು ನಿಮಿಷಕ್ಕೆ ನಾನೂ ಅವರ ನಡುವೆ ನುಗ್ಗಿ ಕೂತು ಬೆರಳು ತೋರಿಸತೊಡಗಿದ್ದೆ. ನಾನೇ ತೆಗೆದ ವಿಡಿಯೋ ಎಂಬುದು ಮರೆತಿತ್ತು.

ಕೊನೆಯ ಪಂಕ್ತಿ ಬಂತು. ಕ್ಯಾಮೆರಾ ಹತ್ತಿರ ಬರುತ್ತಿದ್ದಂತೆ ಒಬ್ಬ ಮುದುಕಿ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಕಾಣುತ್ತಿದ್ದುದು ಎಲೆ ಮತ್ತು ಬಲಗೈ ಮಾತ್ರ. ಆ ಕೈ ಗೋಧಿ ಹುಗ್ಗಿಯನ್ನು ಗುಡ್ಡೆ ಮಾಡಿ, ಹೆಬ್ಬೆರಳಿನಿಂದ ನಡುವೆ ಗುಳಿ ತೋಡಿ, ತುಪ್ಪಕ್ಕಾಗಿ ಕಾಯುತ್ತಿತ್ತು.

"ನಿಲ್ಲಸೋ!" ಅಜ್ಜಿ ಕುರ್ಚಿಯಿಂದ ಎದ್ದೇಬಿಟ್ಟರು. "ಅದು ನಮ್ಮಕ್ಕನ ಕೈ! ಸಣ್ಣಕಿದ್ದಾಗಿಂದ ಆಕಿ ಹುಗ್ಗಿ ಉಣ್ಣೂದ ಹಂಗ. ಬಂದಾಳ್ರೆಪಾ, ನಮ್ಮಕ್ಕ ಬಂದಾಳ!"

ಪಡಸಾಲೆಯೇ ಒಂದು ಸಲ ಹೋ ಎಂದಿತು. ಅಜ್ಜಿಯ ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಮುಂದ ಬಿಡು," ಎಂದರು. ಬಿಟ್ಟೆ. ತುಪ್ಪದ ಗಿಂಡಿ ಹಿಡಿದವನು ಸಾಲಿನಲ್ಲಿ ಬಂದ. ನನ್ನ ಕ್ಯಾಮೆರಾದ ನೆರಳು ಎಲೆಯ ಮೇಲೆ ಬಿತ್ತು. ಅವನು ನನ್ನನ್ನು ತಪ್ಪಿಸಲು ಬಾಜುವಿಗೆ ಸರಿದು, ಆ ಒಂದು ಎಲೆಯನ್ನು ದಾಟಿ, ಮುಂದಿನವರಿಗೆ ಬಡಿಸುತ್ತ ಹೋಗಿಬಿಟ್ಟ. ಕೈ ಒಂದಿಷ್ಟು ಹೊತ್ತು ಕಾಯಿತು. ಆಮೇಲೆ ಗುಳಿಯನ್ನು ಮುಚ್ಚಿ ಒಣ ಹುಗ್ಗಿಯನ್ನೇ ಉಂಡಿತು.

ಅಜ್ಜಿಯ ನಗು ಮಾಯವಾಯಿತು.

"ನಿನ್ನ ಕ್ಯಾಮೆರಾ ಅಡ್ಡ ಬಂತಲ್ಲೋ ಹುಚ್ಚಪ್ಪಾ," ಎಂದರು ಮೆಲ್ಲಗೆ. ನನಗೆ ಅಗದಿ ಕೆಟ್ಟದೆನಿಸಿತು. ತಪ್ಪಾತ್ರಿ ಆಯಿ ಎಂದೆ. ಅದನ್ನು ಕೇಳಿಸಿಕೊಳ್ಳದೆ ಅವರು ಮಗನ ಕೈಯಿಂದ ಮೊಬೈಲು ಇಸಿದುಕೊಂಡರು. ಕಿವಿ ಮಂದವೆಂದು ಮಗ ಸ್ಪೀಕರ್ ಹಾಕಿಕೊಟ್ಟ. ಅತ್ತ ಕಡೆ ಎತ್ತಿದ್ದು ಅಕ್ಕನೇ.

"ಅಕ್ಕಾ, ನಾ."

ಪಡಸಾಲೆಯಲ್ಲಿ ಇದ್ದಷ್ಟೂ ಜನ ಕುತ್ತಿಗೆ ಚಾಚಿ ಕೂತಿದ್ದರು, ಟಿವಿ ಕಡೆ ಒಬ್ಬರ ಕಣ್ಣೂ ಇರಲಿಲ್ಲ.

"ಅಕ್ಕಾ, ಮೊಮ್ಮಗನ ಮದವ್ಯಾಗ ನಿನಗ ತುಪ್ಪ ನೀಡಲಿಲ್ಲವಾ. ನಾ ನೋಡಿದೆ. ನಮ್ಮ ಮನ್ಯಾಗ ನೀ ಒಣಾ ಹುಗ್ಗಿ ಉಂಡ ಎದ್ದಿ." ಅಷ್ಟು ಹೇಳುವುದರಲ್ಲಿ ಅವರ ದನಿ ಒಡೆಯಿತು.

ಅತ್ತಲಿಂದ ಮೊರಬದ ಮುದುಕಿಯ ಮಾತು ಕಿವಿ ಗಡಚಿಕ್ಕುವಂತೆ ಬಂತು:

"ಹುಚ್ಚಿ, ತುಪ್ಪದ ಮಾತ ಹಾಳಾಗಲಿ. ಮೊಣಕಾಲು ಹೆಂಗದಾವ ಹೇಳು. ದೂರಿಂದ ನೋಡಿದೆ, ಕುಂತಲ್ಲಿಂದ ಏಳವಲ್ಲಿ ನೀ."