ಹಿಮದ ಕಣಿವೆಗೊಂದು ಕಾಯಿ

ಡ್ಯಾಮಿನ ಹತ್ತಿರದ ಕಣಿವೆ ಮಾರಮ್ಮನಿಗೆ ಕಾಯಿ ಒಡೆಯದೆ ನಮ್ಮ ಹಿರಿಯೂರಿನ ಲಾರಿಯವರು ಕಣಿವೆ ದಾಟಲ್ಲ. ಅದೇ ಅಭ್ಯಾಸದಲ್ಲಿ ಕಾಶ್ಮೀರದ ಕಣಿವೆಯಲ್ಲೂ ಗಾಡಿ ನಿಲ್ಲಿಸಿದೆವು. ನಿದ್ದೆಗೆಟ್ಟ ಕಣ್ಣಿಗೆ ಎಚ್ಚರಿಕೆಯ ಬೋರ್ಡು ಕಾಣಲೇ ಇಲ್ಲ. ಜೊತೆಯ ಡ್ರೈವರ್ ತಿಪ್ಪಣ್ಣ ಕರ್ಪೂರ ಹಚ್ಚುವಷ್ಟರಲ್ಲಿ ರಸ್ತೆ ಕಾಯುವ ಸೈನಿಕ ಸೀಟಿ ಊದುತ್ತಾ ಓಡಿಬಂದ. ರಾತ್ರಿ ಬಿದ್ದ ಹೊಸ ಹಿಮ ಬಿಸಿಲಿಗೆ ಸಡಿಲಾಗಿದೆ, ಯಾವ ಗಳಿಗೆಯಲ್ಲಾದರೂ ಕುಸಿಯುತ್ತೆ, ಇಲ್ಲಿ ನಿಲ್ಲಬೇಡಿ ಅಂತ ಹಿಂದಿಯಲ್ಲಿ ಬೈದ.

“ಏನಂತೆ?” ಅಂದ ತಿಪ್ಪಣ್ಣ.

“ಮೇಲಿರೋ ಹಿಮ ಜಾರ್ತೈತಂತೆ. ಗಾಡಿ ಹತ್ತಣ್ಣ.”

“ಜಾರಬಾರ್ದು ಅಂತಲೇ ಅಲ್ಲೇನಪ್ಪ ಕಾಯಿ ಒಡೀತಿರೋದು?”

ರಟ್ಟೆ ಹಿಡಿದು ಹತ್ತಿಸಿದೆ. ಕಣಿವೆ ದಾಟಿದ ಮೇಲೆ, ಢಾಬಾದ ಮುಂದೆ, ಹಟ ಹಿಡಿದು ಒಡೆದೇಬಿಟ್ಟ. ಒಂದು ಹನಿ ನೀರೂ ಚೆಲ್ಲಲಿಲ್ಲ. ಕಾಯಿಯ ಒಳಗೂ ನೀರು ಹೆಪ್ಪುಗಟ್ಟಿ ಹಿಮವಾಗಿತ್ತು. ತಿಪ್ಪಣ್ಣ ಅದಕ್ಕೂ ಕೈ ಮುಗಿದ. ನಾನು ಸೀಟಿನ ಮೇಲೆ ಕಾಲು ಚಾಚಿ ಮಲಗಿದೆ.