ಕಡಲು ದಾಟಿ ಮೊಮ್ಮಗಳು ಬಡಿಸಿದ ಊಟ

ಪೊರಿರುವಾ ಸ್ಟೇಷನ್ನಿನಲ್ಲಿ ಬೆಳಗಿನ ರೈಲಿಗೆ ಕಾಯುವಾಗ ನನ್ನ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಓದಿದ್ದು ನಾಲ್ಕನೇ ಕ್ಲಾಸು. ದಾವಣಗೆರೆ ಬಿಟ್ಟರೆ ಹರಿಹರ, ಉಕ್ಕಡಗಾತ್ರಿ, ಅಷ್ಟೇ ನನ್ನ ಪ್ರಪಂಚ. ಅಂಥವಳು ಸೀರೆಯ ಮೇಲೆ ಅಳಿಯನ ಜಾಕೆಟ್ ತೊಟ್ಟು, ಕೊರಳಿಗೆ ಗೈಡ್ಸ್ ಹುಡುಗಿಯರ ಸ್ಕಾರ್ಫು ಕಟ್ಟಿಕೊಂಡು, ನ್ಯೂಜಿಲೆಂಡಿನ ಈ ದ್ವೀಪದಿಂದ ಆ ದ್ವೀಪಕ್ಕೆ ಸಮುದ್ರ ದಾಟಲು ಹೊರಟಿದ್ದೆ!

ಹೊರಟದ್ದು ಹೇಗೆಂದು ಹೇಳಿಬಿಡುತ್ತೇನೆ. ಮಗಳು ಶೋಭಾ ಪೊರಿರುವಾದ ಆಸ್ಪತ್ರೆಯಲ್ಲಿ ನರ್ಸು, ಅವಳ ಮನೆಗೆ ನಾನು ಬಂದಿದ್ದೆ. ಅವಳ ಮಗಳು ಚೈತ್ರಾಳಿಗೆ ಹದಿಮೂರು ವರ್ಷ, ಗೈಡ್ಸ್ ತಂಡದಲ್ಲಿದ್ದಾಳೆ. ವಾರಕ್ಕೊಮ್ಮೆ ಹುಡುಗಿಯರೆಲ್ಲ ಒಂದು ಹಾಲ್‌ನಲ್ಲಿ ಸೇರುತ್ತಾರೆ, ಹಗ್ಗದ ಗಂಟು ಹಾಕುವುದು, ಒಲೆ ಹೊತ್ತಿಸುವುದು ಕಲಿಯುತ್ತಾರೆ, ಹಳ್ಳದ ದಂಡೆಯಲ್ಲಿ ಗಿಡ ನೆಡುತ್ತಾರೆ, ಒಂಟಿಯಾಗಿರುವ ಮುದುಕರನ್ನು ಮಾತಾಡಿಸಿ ಬರುತ್ತಾರೆ. ಏಪ್ರಿಲ್ ರಜೆಯಲ್ಲಿ ಹ್ಯಾವ್‌ಲಾಕ್ ಎಂಬ ಸಣ್ಣ ಊರಿಗೆ ಹೋಗಿ ಅಲ್ಲಿನ ಹಿರಿಯರಿಗೆ ಅಡುಗೆ ಮಾಡಿ ಬಡಿಸುವುದು ಈ ತಂಡದ ವಾಡಿಕೆ. ಜೊತೆಗೆ ಬರಬೇಕಿದ್ದ ಒಬ್ಬ ತಾಯಿಗೆ ಜ್ವರ ಬಂತು. ಶೋಭಾಳಿಗೆ ಡ್ಯೂಟಿ. ತಂಡದ ಮುಖ್ಯಸ್ಥೆ ಇಂದ್ರಾಣಿ ನನ್ನ ಕಡೆ ಬೆರಳು ತೋರಿಸಿ, "ಆಜಿ ಬರಲಿ" ಎಂದುಬಿಟ್ಟಳು.

ನಾನು ಬೆರಗಾದೆ. ಕನ್ನಡದ ಗಂಧವಿಲ್ಲದವಳು 'ಆಜಿ' ಎಂದಳಲ್ಲ! ಅವಳು ಟ್ರಿನಿಡಾಡಿನವಳು. ಕೆರಿಬಿಯನ್ ಕಡಲಿನ ಆ ನಾಡಿಗೆ ಅವಳ ಮುತ್ತಜ್ಜಂದಿರು ಕಬ್ಬಿನ ತೋಟದ ಕೂಲಿಗೆಂದು ನಮ್ಮ ದೇಶದಿಂದ ಹಡಗಿನಲ್ಲಿ ಹೋದವರಂತೆ. ಭಾಷೆ ಮರೆತರೂ ಅಪ್ಪನ ತಾಯಿಗೆ ಇವತ್ತಿಗೂ ಅಲ್ಲಿ ಆಜಿ ಅನ್ನುತ್ತಾರಂತೆ.

ಹಡಗು ಹೊರಡುವ ವೆಲಿಂಗ್ಟನ್‌ಗೆ ರೈಲಿನ ಚಾರ್ಜು ನಾಲ್ಕು ಡಾಲರ್ ಮೇಲೆ ಚಿಲ್ಲರೆ. ಆ ದುಡ್ಡಿಗೆ ನಮ್ಮಲ್ಲಿ ಹರಿಹರಕ್ಕೆ ಎಷ್ಟು ಸಲ ಹೋಗಿಬರಬಹುದು! ಆದರೆ ಸುರಂಗದ ಕತ್ತಲು ಮುಗಿದದ್ದೇ ತಡ, ಕಿಟಕಿಯ ತುಂಬ ನೀಲಿ ಸಮುದ್ರ ಬಂದು ನಿಂತಿತು. ಕೊಟ್ಟ ದುಡ್ಡು ಆಗಲೇ ವಸೂಲಾಯಿತು.

ಹಡಗು ಎಂದರೆ ದೋಣಿಯಷ್ಟಿರುತ್ತದೆ ಎಂದು ಎಣಿಸಿದ್ದೆ. ಅದರ ಹೊಟ್ಟೆಯೊಳಕ್ಕೆ ಲಾರಿಗಳೇ ಹೋಗುತ್ತಿದ್ದವು! ದಾಟಲು ಸುಮಾರು ಮೂರು ತಾಸು. ಮೊದಲು ಗಾಳಿ ನನ್ನ ಸೆರಗನ್ನು ಬಾವುಟ ಮಾಡಿತು. ಆಮೇಲೆ ಎರಡೂ ಕಡೆ ಹಸಿರು ಗುಡ್ಡ, ನಡುವೆ ಕನ್ನಡಿಯಂಥ ನೀರು. ಹುಡುಗಿಯರು ಬಿಸಿ ಆಲೂಗಡ್ಡೆ ಚಿಪ್ಸ್ ತಂದುಕೊಟ್ಟರು. ಉಪ್ಪು ಹೆಚ್ಚಿತ್ತು, ಒಂದೂ ಬಿಡದೆ ತಿಂದೆ.

ಅಲ್ಲೇ ಡೆಕ್ಕಿನ ಬೆಂಚಿನ ಮೇಲೆ ಇಂದ್ರಾಣಿ ತನ್ನ ಕಥೆ ಹೇಳಿದಳು, ಚೈತ್ರಾ ಅರ್ಧಂಬರ್ಧ ಕನ್ನಡದಲ್ಲಿ ನನಗೆ ದಾಟಿಸಿದಳು. ಟ್ರಿನಿಡಾಡಿನಲ್ಲಿ ಅವಳೂ ಗೈಡ್ ಆಗಿದ್ದಳು. ಶನಿವಾರ ಬಂತೆಂದರೆ ಹುಡುಗಿಯರೆಲ್ಲ ಊರಿನ ಮುದುಕ ಮುದುಕಿಯರ ಮನೆಗೆ ಹೋಗಿ, ಅಂಗಳ ಗುಡಿಸಿ, ಮಣ್ಣಿನ ಒಲೆಯ ಮೇಲೆ ಅನ್ನ, ಬೇಳೆ ಬೇಯಿಸುತ್ತಿದ್ದರು. ತುಕಡಿಯ ನಾಯಕಿ ಯಾರಾಗಬೇಕೆಂದು ಟೀಚರು ಹೇಳುತ್ತಿರಲಿಲ್ಲ. ಉಂಡವರಲ್ಲಿ ಎಲ್ಲರಿಗಿಂತ ಹಿರಿಯರು ಎದ್ದು ನಿಂತು ಹೇಳುತ್ತಿದ್ದರು. ಅದೇ ಪದ್ಧತಿಯನ್ನು ಅವಳು ಇಲ್ಲಿಗೂ ತಂದಿದ್ದಾಳೆ.

"ಈ ಸಲ ಯಾರ ಪಾಳಿ?" ಎಂದೆ.

ಚೈತ್ರಾ ತನ್ನ ಎದೆಯ ಮೇಲೆ ಬೆರಳಿಟ್ಟುಕೊಂಡಳು. "ಮೈ ಟರ್ನ್, ಅಜ್ಜಿ. ಹಿರಿಯರು ಯೆಸ್ ಅಂದ್ರೆ ನಾನು ಲೀಡರ್. ನೋ ಅಂದ್ರೆ ನೆಕ್ಸ್ಟ್ ಇಯರ್ ತನಕ ವೇಟ್ ಮಾಡ್ಬೇಕು."

"ಅಷ್ಟೇ ಏನು? ನಾನಿಲ್ಲೇನವ್ವ ನಿನ್ನ ಜೊತಿಗೆ!"

"ನೋ! ಕುಕಿಂಗ್ ಶುರುವಾದ್ಮೇಲೆ ದೊಡ್ಡೋರು ಮುಟ್ಟಂಗಿಲ್ಲ, ಮಾತಾಡಂಗಿಲ್ಲ. ನೀನು ಹೆಲ್ಪ್ ಮಾಡಿದ್ರೆ ನಾನು ಔಟ್."

ಇದ್ಯಾವ ಶಿಕ್ಷೆ ಶಿವನೇ ಎನಿಸಿತು. ಸುಮ್ಮನಿರಲಾರದೆ ಏನು ಅಡುಗೆ ಎಂದು ಕೇಳಿದೆ. ಚಿತ್ರಾನ್ನ, ಸಿಹಿಗೆಣಸಿನ ಪಲ್ಯ, ಸಕ್ಕರೆ ಹಾಕಿದ ಶಾವಿಗೆ ಪಾಯಸ ಎಂದಳು.

"ಸಕ್ಕರಿ ಪಾಯಸನೂ ಒಂದು ಪಾಯಸ ಏನೇ? ಬೆಲ್ಲದ್ದು ಮಾಡಬೇಕು, ಉಂಡೋರು ಬೆರಳು ನೆಕ್ಕಬೇಕು" ಎಂದೆ. ನನ್ನ ಚೀಲದಲ್ಲಿ ಊರಿನಿಂದ ತಂದ ಬೆಲ್ಲವಿತ್ತು. ಅದು ಆಗಲೇ ಅವಳ ಚೀಲ ಸೇರಿತು.

ಪಿಕ್ಟನ್ ಬಂದರಿನಲ್ಲಿ ಇಳಿದು ವ್ಯಾನ್ ಹತ್ತಿದೆವು. ಮೂವತ್ತೈದು ಕಿಲೋಮೀಟರ್ ದಾರಿ, ಹಾವಿನಂತೆ ತಿರುವು. ಒಂದೊಂದು ತಿರುವಿಗೂ ಕೆಳಗೆ ಕೊಲ್ಲಿಯ ನೀರು ಇಣುಕುತ್ತಿತ್ತು. ನಮ್ಮಲ್ಲಿ ಬಿಸಿಲು ಸುಡುವ ಏಪ್ರಿಲ್ಲಿನಲ್ಲಿ ಅಲ್ಲಿ ಚಳಿ ಶುರುವಾಗಿತ್ತು, ಮರಗಳ ಎಲೆ ಅರಿಶಿನವಾಗಿತ್ತು. ಹ್ಯಾವ್‌ಲಾಕ್‌ನಲ್ಲಿ ಒಂದೇ ದೊಡ್ಡ ಬೀದಿ, ದೋಣಿಗಳ ಕಟ್ಟೆ, ಹಸಿರು ಚಿಪ್ಪಿನ ಮೀನುಗಳ ವ್ಯಾಪಾರ. ಆ ವಾಸನೆಗೆ ನಾನು ಮೂಗಿಗೆ ಸೆರಗು ಹಿಡಿದೆ, ಹುಡುಗಿಯರು ನಕ್ಕರು. ರಾತ್ರಿ ಊರಿನ ಹಾಲ್‌ನಲ್ಲೇ ಸಾಲಾಗಿ ಮಲಗಿದೆವು.

ಮರುದಿನ ಬೆಳಗ್ಗೆ ಅಡುಗೆ. ಚೈತ್ರಾ ಏಪ್ರನ್ ಕಟ್ಟಿಕೊಂಡು ನಿಂತದ್ದನ್ನು ನೋಡಿ ನನ್ನ ಕಣ್ಣು ತುಂಬಿತು. ಮನೆಯಲ್ಲಿ ತಟ್ಟೆ ಎತ್ತಿಡಲು ಹತ್ತು ಸಲ ಹೇಳಿಸಿಕೊಳ್ಳುವವಳು! ಅವಳ ಗೆಳತಿ ಮೆರೆ, ಆ ನಾಡಿನ ಮೂಲನಿವಾಸಿಗಳಾದ ಮಾವೊರಿಗಳ ಹುಡುಗಿ, ಗೆಣಸು ಹೆಚ್ಚಿದಳು. ಚಿತ್ರಾನ್ನ ಉದುರುದುರಾಗಿ ಬಂತು. ನಾನು ಬಾಗಿಲ ಬಳಿಯ ಕುರ್ಚಿಯಲ್ಲಿ ಕೈ ಕಟ್ಟಿಕೊಂಡು ಕೂತಿದ್ದೆ.

ಆಗ ಅವಳು ಕುದಿಯುವ ಹಾಲಿನ ಮುಂದೆ ಪುಡಿ ಮಾಡಿದ ಬೆಲ್ಲ ಹಿಡಿದು ನಿಂತಳು. ಅಯ್ಯೋ! ಕುದಿಯುವ ಹಾಲಿಗೆ ಬೆಲ್ಲ ಬಿದ್ದರೆ ಹಾಲು ಒಡೆಯುತ್ತದೆ. ಬೆಲ್ಲ ಕೊಟ್ಟ ನಾನು ಇದನ್ನು ಹೇಳಿಯೇ ಇರಲಿಲ್ಲ. ಬಾಯಿ ತೆರೆದೆ. ಇಂದ್ರಾಣಿ ತುಟಿಯ ಮೇಲೆ ಬೆರಳಿಟ್ಟಳು. ಹೇಳಿದರೆ ಹುಡುಗಿ ಔಟು, ಹೇಳದಿದ್ದರೆ ಪಾಯಸ ಔಟು. ಸೆರಗು ಬಾಯಿಗೆ ತುರುಕಿಕೊಂಡೆ.

ಬೆಲ್ಲ ಬಿತ್ತು. ದೊಡ್ಡ ಪಾತ್ರೆಯ ಹಾಲಷ್ಟೂ ಒಡೆದು ನೀರು ಬೇರೆ, ಗಸಿ ಬೇರೆ ಆಯಿತು.

ಚೈತ್ರಾಳ ಮುಖ ಬಿಳಿಚಿತು. ನನ್ನ ಕಡೆ ನೋಡಿದಳು. ನಾನು ಗೋಡೆ ನೋಡಿದೆ. ಅವಳ ಕಡೆ ನೋಡಿದ್ದರೆ ನನ್ನ ಕಣ್ಣೇ ಎಲ್ಲ ಹೇಳಿಬಿಡುತ್ತಿತ್ತು.

ಅಂಗಡಿಗೆ ಓಡಿ ಹಾಲು ತರಲು ಹೊತ್ತಿರಲಿಲ್ಲ, ಹಿರಿಯರು ಆಗಲೇ ಕೋಲು ಊರಿಕೊಂಡು ಬರುತ್ತಿದ್ದರು. ಹುಡುಗಿಯರು ತಲೆಗೆ ತಲೆ ಕೂಡಿಸಿ ಗುಸುಗುಸು ಮಾಡಿದರು. ಚೆಲ್ಲೋಣ ಎಂದಳು ಒಬ್ಬಳು. ಮೆರೆ ಚಮಚ ಅದ್ದಿ ರುಚಿ ನೋಡಿ, "ಇಟ್ಸ್ ಯಮ್ಮಿ!" ಎಂದು ಚೆಲ್ಲಲು ಬಿಡಲಿಲ್ಲ. ಚೈತ್ರಾ ತಾನೂ ರುಚಿ ನೋಡಿದಳು. ಆಮೇಲೆ ಉರಿ ಹೆಚ್ಚಿಸಿ, ಹುರಿದ ಶಾವಿಗೆಯನ್ನೆಲ್ಲ ಸುರಿದು, ತುಪ್ಪ ಹಾಕಿ ತಿರುವತೊಡಗಿದಳು. ಶಾವಿಗೆ ನೀರನ್ನೆಲ್ಲ ಕುಡಿದು ಉಬ್ಬಿತು, ಹಾಲಿನ ಗಸಿ ಹರಳು ಹರಳಾಗಿ ಅದರೊಳಗೆ ಸೇರಿಕೊಂಡಿತು. ಏಲಕ್ಕಿ ಘಮ್ಮೆಂದಿತು. ಇಂಥದ್ದನ್ನು ನಾನು ಹುಟ್ಟಿದಾಗಿನಿಂದ ಮಾಡಿರಲಿಲ್ಲ. ನಾನಾಗಿದ್ದರೆ ಎಂದೋ ದನದ ಕಲಗಚ್ಚಿನ ಬಾನಿಗೆ ಸುರಿಯುತ್ತಿದ್ದೆ! ಐಸ್‌ಕ್ರೀಮ್ ಚಮಚದಲ್ಲಿ ಉಂಡೆ ತೆಗೆದು ಬಟ್ಟಲಿಗೆ ಇಟ್ಟರು.

ಮೂವತ್ತು ಜನ ಹಿರಿಯರು. ಎಲ್ಲರಿಗಿಂತ ಹಿರಿಯ ಬಿಲ್ ಎಂಬಾತ, ದೋಣಿಯಲ್ಲಿ ಜೀವನ ಸವೆಸಿದವನು. ಹೋದ ವರ್ಷ ಒಬ್ಬ ಹುಡುಗಿಯ ಸೂಪಿಗೆ, "ಸಮುದ್ರದ ನೀರು ಇದಕ್ಕಿಂತ ವಾಸಿ" ಎಂದು ಹೇಳಿ ನಾಯಕಿ ಪಟ್ಟ ತಪ್ಪಿಸಿದ್ದನಂತೆ. ಅವನ ಎದುರಿಗೇ ನನ್ನ ಕುರ್ಚಿ. ಚಿತ್ರಾನ್ನ ತಿಂದ, ಪಲ್ಯ ತಿಂದ, ಮುಖದಲ್ಲಿ ಏನೂ ಇಲ್ಲ.

ಮೆರೆ ಸಿಹಿ ತಂದಳು. ನಮ್ಮ ಉಪಚಾರದ ಅಭ್ಯಾಸ ನೋಡಿ, ನಾನು "ಬ್ಯಾಡ, ಬ್ಯಾಡ" ಎಂದು ಬಟ್ಟಲಿಗೆ ಕೈ ಅಡ್ಡ ಹಿಡಿದೆ. ಅವಳು "ಓಕೆ" ಎಂದು ಹೋಗಿಯೇಬಿಟ್ಟಳು! ಇನ್ನೊಂದು ಸಲ ಕೇಳುವ ಪದ್ಧತಿಯೇ ಇಲ್ಲ ಅಲ್ಲಿ.

ಬಿಲ್ ಒಂದು ಉಂಡೆ ತಿಂದ. ಇನ್ನೊಂದನ್ನು ತಾನೇ ಎದ್ದು ಹೋಗಿ ಹಾಕಿಸಿಕೊಂಡ. "ಏನಿದು?" ಎಂದು ಚೈತ್ರಾಳನ್ನು ಕೇಳಿದ.

ಚೈತ್ರಾ ನನ್ನ ಕಡೆ ತಿರುಗಿ, ಗೆಳತಿಯರೆಲ್ಲರ ಎದುರಿಗೆ, ಕನ್ನಡದಲ್ಲೇ ಕೇಳಿದಳು: "ಅಜ್ಜಿ, ಇದಕ್ಕೆ ಏನಂತಾರೆ?"

ನಾನು ಇಂದ್ರಾಣಿಯ ಮುಖ ನೋಡಿದೆ. ಮಾತಾಡು ಎಂದು ತಲೆಯಾಡಿಸಿದಳು. "ನಂಗೇನು ಗೊತ್ತವ್ವ? ನಾನ್ಯಾವತ್ತೂ ಮಾಡಿಲ್ಲ. ಮಾಡಿದಾಕಿ ನೀನು, ನೀನೇ ಹೇಳು!"

ಅವಳು ಬಿಲ್‌ನ ಮುಂದೆ ನೆಟ್ಟಗೆ ನಿಂತು, ಇದು ಪಾಯಸ ಆಗಬೇಕಿತ್ತು, ತಪ್ಪು ಮಾಡಿದೆ, ಹಾಲು ಒಡೆಯಿತು, ಚೆಲ್ಲಲು ಮನಸ್ಸಾಗದೆ ನಾವೆಲ್ಲ ಸೇರಿ ಹೀಗೆ ಮಾಡಿದೆವು, ಇದಕ್ಕೆ ಹೆಸರಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳಂತೆ.

ಬಿಲ್ ಕೋಲು ಊರಿ ಎದ್ದ. ಇಂಗ್ಲಿಷಿನಲ್ಲಿ ಏನೋ ಗುಡುಗಿದ. ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಹಾಲ್ ತುಂಬ ಚಪ್ಪಾಳೆ, ಹುಡುಗಿಯರೆಲ್ಲ ಚೈತ್ರಾಳ ಮೇಲೆ ಬಿದ್ದು ಕುಣಿದರು. ಆಮೇಲೆ ಮೆರೆ ಕೈಸನ್ನೆಯಲ್ಲಿ ತಿಳಿಸಿದ್ದು, ಚೈತ್ರಾ ನಗುತ್ತ ಕನ್ನಡ ಮಾಡಿದ್ದು ಇದು: "ದೋಣಿಗೆ ತೂತು ಬಿದ್ದಾಗ ಅಳದೆ ಮುಚ್ಚುವವಳೇ ನಾಯಕಿ. ಇವಳಿಗೆ ನಾಯಕಿಯ ತೋಳುಪಟ್ಟಿ ಕೊಡಿ. ನನಗೆ ಇನ್ನೊಂದು ಉಂಡೆ ಕೊಡಿ." ನಾನು ಕೂತಲ್ಲೇ ಶಿಳ್ಳೆ ಹಾಕಿದೆ! ಈ ವಯಸ್ಸಿನಲ್ಲಿ!

"ಅಜ್ಜಿ, ನೀನ್ಯಾಕೆ ತಿಂದಿಲ್ಲ?" ಎಂದಳು ಚೈತ್ರಾ.

"ಬ್ಯಾಡ ಅಂದೆ, ಆ ಹುಡುಗಿ ನಂಬಿಬಿಟ್ಲು."

ಪಾತ್ರೆಯ ತಳ ಕೆರೆದು ಇಬ್ಬರೂ ತಿಂದೆವು. ತಳದ್ದೇ ಹೆಚ್ಚು ರುಚಿ.

ಮರಳುವಾಗ ಸಮುದ್ರಕ್ಕೆ ಸಿಟ್ಟು ಬಂದಿತ್ತು. ಹಡಗು ತೊಟ್ಟಿಲಂತೆ ತೂಗುತ್ತಿತ್ತು, ಚಿಕ್ಕ ಹುಡುಗಿಯರಿಗೆ ವಾಂತಿ. ಚೈತ್ರಾ ತೋಳಿನ ಮೇಲೆ ಹೊಸ ಪಟ್ಟಿ ಹೊತ್ತು, ಒಬ್ಬಳ ಬೆನ್ನು ನೀವುತ್ತ, ಇನ್ನೊಬ್ಬಳಿಗೆ ನೀರು ಕುಡಿಸುತ್ತ ಓಡಾಡುತ್ತಿದ್ದಳು. ಮೂರು ಜನರ ಚೀಲ ಅವಳ ಹೆಗಲ ಮೇಲಿತ್ತು. ಒಂದನ್ನಾದರೂ ಇಸಿದುಕೊಳ್ಳೋಣವೆಂದು ನಾನು ಏಳಹೋದೆ.

"ಅಜ್ಜಿ, ಕೂತ್ಕೋ!" ಎಂದಳು, ನಮ್ಮವ್ವ ಗದರಿಸುತ್ತಿದ್ದ ಹಾಗೆಯೇ. "ನಾನು ನೋಡ್ಕೊಂತೀನಿ."

ಕೂತುಕೊಂಡೆ. ಈ ಸಲ ಕೈ ಕಟ್ಟಿಕೊಳ್ಳುವುದು ಸ್ವಲ್ಪವೂ ಕಷ್ಟವಾಗಲಿಲ್ಲ.